ಬಿಪಿ ಮಾತ್ರೆ ಶುರುವಾದ ಮೇಲೆ ಬಿಸಿಲಿಗೆ ಚರ್ಮ ಉರಿಯುತ್ತಿದೆ, ಏನು ಮಾಡಬೇಕು?

ಪ್ರಶ್ನೆ: ಸಿಂಧನೂರು ಹತ್ರ ನಮ್ದು ನೆಲ್ಲಿನ ಗದ್ದೆ ಐತ್ರಿ. ನಮ್ಮಪ್ಪಾರಿಗೆ ಬಿಪಿ ಜಾಸ್ತಿ ಅಂತ ಹೊಸ ಮಾತ್ರೆ ಬರೆದುಕೊಟ್ಟು ಎರಡು ತಿಂಗಳಾತು. ಈಗ ಬಿಸಿಲಿಗೆ ಹೋಗಿ ಬಂದ್ರೆ ಮುಖ, ಕುತ್ತಿಗೆ, ಮುಂಗೈ ಕೆಂಪಾಗಿ ಉರೀತಾವ, ಆಮೇಲೆ ಕಪ್ಪಾಗತಾವ. ಬೆಳಿಗೆ ಎಣ್ಣಿ (ಕೀಟನಾಶಕ) ಹೊಡೆದದ್ದಕ್ಕ ಹಿಂಗಾಗೇತಿ ಅಂತ ಕೆಲವರು, ಕಾಂಗ್ರೆಸ್ ಕಸದಿಂದ ಅಂತ ಕೆಲವರು ಹೇಳ್ತಾರ. ಮಾತ್ರೆ ಬಿಡಿಸ್ಬೇಕೇನ್ರಿ?

ಉತ್ತರ: ನೀವಾಗಿ ಬಿಡಿಸಬೇಡಿ. ಆದರೆ ಮಾತ್ರೆಯ ಮೇಲೆ ನಿಮಗೆ ಬಂದ ಅನುಮಾನಕ್ಕೆ ಕಾರಣವಿದೆ. ಸ್ಟ್ರಿಪ್ ತಿರುಗಿಸಿ ಹಿಂಭಾಗದ ಸಣ್ಣಕ್ಷರ ಓದಿ. ಮುಖ್ಯ ಔಷಧದ ಜೊತೆಗೆ ‘ಹೈಡ್ರೋಕ್ಲೋರೋಥಯಾಜೈಡ್ 12.5 ಮಿ.ಗ್ರಾಂ’ ಎಂದಿದ್ದರೆ ಈ ಉರಿಗೆ ಅದೇ ಕಾರಣವಾಗಿರುವ ಸಾಧ್ಯತೆ ಇದೆ. ಅಂಥ ಮಾತ್ರೆಗಳ ಹೆಸರಿನ ಕೊನೆಗೆ ಸಾಮಾನ್ಯವಾಗಿ ‘ಎಚ್’ ಇರುತ್ತದೆ. ಮೂತ್ರ ಹೆಚ್ಚಿಸಿ ಬಿಪಿ ಇಳಿಸುವ ಈ ಔಷಧ ಕೆಲವರ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತದೆ.

ಸ್ಟ್ರಿಪ್ ಓದಿಯಾದ ಮೇಲೆ ಅಪ್ಪನವರನ್ನು ಬೆಳಕಿಗೆ ಕೂರಿಸಿ ಚರ್ಮ ನೋಡಿ. ಕೆಂಪು ಎಲ್ಲಿದೆ ಎನ್ನುವುದಕ್ಕಿಂತ ಎಲ್ಲಿ ನಿಂತಿದೆ ಎನ್ನುವುದೇ ಹೆಚ್ಚು ಹೇಳುತ್ತದೆ. ಬಿಸಿಲಿನದಾದರೆ ಅಂಗಿಯ ತೋಳು ಮುಗಿಯುವಲ್ಲಿ, ರುಮಾಲು ಸುತ್ತಿದ ಹಣೆಯ ಅಂಚಿನಲ್ಲಿ, ಚಪ್ಪಲಿ ಪಟ್ಟಿಯ ಕೆಳಗೆ ಗೆರೆ ಎಳೆದಂತೆ ನಿಂತಿರುತ್ತದೆ. ಕಣ್ಣಿನ ಮೇಲಿನ ರೆಪ್ಪೆ, ಗದ್ದದ ಕೆಳಗಿನ ನೆರಳು, ಕಿವಿಯ ಹಿಂಭಾಗ, ಕುತ್ತಿಗೆಯ ಮಡಿಕೆಗಳ ಒಳಗು ಚೆನ್ನಾಗಿಯೇ ಇರುತ್ತವೆ. ಬಗ್ಗಿ ಸಸಿ ಹಚ್ಚುವ ಹೆಣ್ಣುಮಕ್ಕಳಿಗೆ ಕತ್ತಿನ ಹಿಂದೆ ಮತ್ತು ಕುಪ್ಪಸದ ಮೇಲಿನ ಬೆನ್ನಿನಲ್ಲಿ ಬರುತ್ತದೆ.

ಕಾಂಗ್ರೆಸ್ ಕಸದ, ಅಂದರೆ ಪಾರ್ಥೇನಿಯಂನ ಅಲರ್ಜಿ ಇದಕ್ಕೆ ತದ್ವಿರುದ್ಧ. ಅದರ ಪುಡಿ ಗಾಳಿಯಲ್ಲಿ ತೇಲಿ ಬಂದು ಮಡಿಕೆಗಳಲ್ಲೇ ಕೂರುತ್ತದೆ. ರೆಪ್ಪೆ ಊದುತ್ತದೆ, ಕಿವಿಯ ಹಿಂದೆ, ಗದ್ದದ ಕೆಳಗೆ, ಮೊಣಕೈ ಒಳಭಾಗದಲ್ಲಿ ತುರಿಕೆ ಬಂದು ಚರ್ಮ ದಪ್ಪಗಾಗುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟವರಲ್ಲಿ ಕೆಲವರಿಗೆ ಕೊನೆಗೆ ಬಿಸಿಲೂ ಆಗದಂತಾಗುತ್ತದೆ, ಆಗ ಎರಡನ್ನೂ ಬಿಡಿಸಿ ಹೇಳುವುದು ಚರ್ಮದ ಡಾಕ್ಟರಿಗೂ ಕಷ್ಟ. ಎಣ್ಣಿ ಹೊಡೆದದ್ದರಿಂದ ಬಂದದ್ದಾದರೆ ಬಟ್ಟೆ ತೊಯ್ದ ಜಾಗ, ಪಂಪು ಹೊತ್ತ ಬೆನ್ನು, ಬೆರಳ ಸಂದಿಗಳಲ್ಲಿ ಹೆಚ್ಚಿರುತ್ತದೆ. ಬಟ್ಟೆಯ ಒಳಗೆ ಸಣ್ಣ ಗುಳ್ಳೆ ಎದ್ದಿದ್ದರೆ ಅದು ಬರೀ ಬೆವರುಸಾಲೆ.

ಮಾತ್ರೆಗೂ ಬಿಸಿಲಿಗೂ ಏನು ನಂಟು? ನುಂಗಿದ ಔಷಧದ ಸ್ವಲ್ಪ ಭಾಗ ರಕ್ತದ ಮೂಲಕ ಚರ್ಮಕ್ಕೂ ಬರುತ್ತದೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣವನ್ನು, ಅದರಲ್ಲೂ ‘ಯುವಿ-ಎ’ಯನ್ನು ಅದು ಹೀರಿಕೊಂಡು, ಆ ಶಕ್ತಿಯನ್ನು ಸುತ್ತಲಿನ ಜೀವಕೋಶಗಳ ಮೇಲೆ ಸುರಿಯುತ್ತದೆ. ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಸುಟ್ಟಂತೆ ಉರಿ ಬರುತ್ತದೆ. ಇದು ಅಲರ್ಜಿಯಲ್ಲ. ಔಷಧದ ಪ್ರಮಾಣವೂ ಬಿಸಿಲೂ ಸಾಕಷ್ಟಿದ್ದರೆ ಯಾರಿಗೂ ಆಗಬಹುದು. ನಿಜವಾದ ಬಿಸಿಲಿನ ಅಲರ್ಜಿಯಲ್ಲಿ ಬೆಳಕು ರಾಸಾಯನಿಕವನ್ನೇ ಬದಲಿಸುತ್ತದೆ, ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಮುಂದಿನ ಸಲ ಅದೇ ವಸ್ತು, ಅದೇ ಬಿಸಿಲು ಸೇರಿದಾಗ ಒಂದರಿಂದ ಮೂರು ದಿನದಲ್ಲಿ ತುರಿಕೆಯ ಗಾಯ ಏಳುತ್ತದೆ, ಮುಚ್ಚಿದ ಜಾಗಕ್ಕೂ ಹರಡಬಹುದು.

ಯುವಿ-ಎ ಬಗ್ಗೆ ಒಂದು ಮಾತು, ಏಕೆಂದರೆ ನಮ್ಮ ಕಡೆ ಎಲ್ಲರೂ ಬಿಸಿಲನ್ನು ಕಾವಿನಿಂದಲೇ ಅಳೆಯುತ್ತಾರೆ. ಈ ಕಿರಣ ಚಳಿಗಾಲದಲ್ಲೂ ಇರುತ್ತದೆ, ಬೆಳಿಗ್ಗೆ ಒಂಬತ್ತಕ್ಕೂ ಇರುತ್ತದೆ, ಕಿಟಕಿ ಗಾಜನ್ನೂ ದಾಟಿ ಬರುತ್ತದೆ. ರಾಯಚೂರಿನಿಂದ ಬಳ್ಳಾರಿಗೆ ಬಸ್ಸಿನ ಕಿಟಕಿ ಪಕ್ಕ ಕೂತವರಿಗೆ ಒಂದೇ ಕೈ ಕೆಂಪಾದರೆ ಕಾರಣ ಇದು.

ಬಿಪಿ ಮಾತ್ರೆಯೊಂದೇ ಅಲ್ಲ. ಮೊಡವೆಗೆ, ಕೆಲವು ಜ್ವರಗಳಿಗೆ ಕೊಡುವ ಡಾಕ್ಸಿಸೈಕ್ಲಿನ್, ಗಜಕರ್ಣಕ್ಕೆ ಕೊಡುವ ಗ್ರಿಸಿಯೋಫುಲ್ವಿನ್, ಹೃದಯದ ಬಡಿತ ಸರಿಪಡಿಸುವ ಅಮಿಯೊಡರೋನ್, ನೋವಿನ ಪೈರಾಕ್ಸಿಕ್ಯಾಂ ಇವೂ ಇದೇ ಸಾಲಿನವು. ಮಂಡಿನೋವಿಗೆ ಹಚ್ಚುವ ಜೆಲ್‌ನಲ್ಲಿ ಕೀಟೊಪ್ರೊಫೆನ್ ಇದ್ದರೆ ಹಚ್ಚುವ ದಿನಗಳಲ್ಲಿ ಮಾತ್ರವಲ್ಲ, ನಿಲ್ಲಿಸಿದ ಮೇಲೂ ಎರಡು ವಾರ ಆ ಜಾಗವನ್ನು ಬಟ್ಟೆಯಿಂದ ಮುಚ್ಚಬೇಕು. ತೊನ್ನಿಗೆ ಹಚ್ಚುವ ಬಾಕುಚಿ ಬೀಜದ ಎಣ್ಣೆ ಕೆಲಸ ಮಾಡುವುದೇ ಬಿಸಿಲಿನ ಜೊತೆ ಸೇರಿ. ಅದರಲ್ಲಿರುವ ಸೊರಾಲೆನ್ ಅನ್ನು ಚರ್ಮದ ಡಾಕ್ಟರು ಅಳತೆಯಿಟ್ಟು ಬಳಸುತ್ತಾರೆ. ಅಳತೆಯಿಲ್ಲದೆ ಹಚ್ಚಿಕೊಂಡು ಮಧ್ಯಾಹ್ನ ಹೊಲಕ್ಕೆ ಹೋದರೆ ಬೊಬ್ಬೆ ಬರುತ್ತದೆ. ಅಂಥದ್ದೇ ವಸ್ತುಗಳು ನಿಂಬೆಯ ಸಿಪ್ಪೆಯಲ್ಲೂ ಇವೆ, ಬಿಸಿಲಲ್ಲಿ ನಿಂತು ನಿಂಬೆ ಹಿಂಡುವವರ ಕೈಮೇಲೆ ಕಂದು ಕಲೆ ಬೀಳುವುದು ಹೀಗೆ.

ಈಗ ಏನು ಮಾಡಬೇಕೆಂದರೆ, ಮನೆಯಲ್ಲಿರುವ ಎಲ್ಲ ಮಾತ್ರೆ, ಮುಲಾಮು, ಎಣ್ಣೆಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಬಿಪಿಗೆ ಬರೆದುಕೊಟ್ಟ ಡಾಕ್ಟರ ಹತ್ತಿರ ಹೋಗಿ. ಬಿಪಿಗೆ ಬೇರೆ ಮಾತ್ರೆಗಳು ಬೇಕಾದಷ್ಟಿವೆ, ಬದಲಾಯಿಸಿ ಕೊಡುತ್ತಾರೆ. ಕಾರಣ ಗೊತ್ತಾಗದಿದ್ದರೆ ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಅಲ್ಲಿನ ಚರ್ಮರೋಗ ವಿಭಾಗಕ್ಕೆ ತೋರಿಸಿ. ಕೈ ಮುಗಿದು ಕೇಳುತ್ತೇನೆ, ಬಿಪಿ ಮಾತ್ರೆಯನ್ನು ತಟ್ಟನೆ ನಿಲ್ಲಿಸಿ ಪಾರ್ಶ್ವವಾಯು ತಂದುಕೊಳ್ಳಬೇಡಿ. ಚರ್ಮದ ಉರಿ ವಾಸಿಯಾಗುತ್ತದೆ, ಬಿದ್ದುಹೋದ ಕೈಕಾಲು ಮೊದಲಿನಂತಾಗುವುದು ಕಷ್ಟ.

ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ‘ಎಲ್ಲಕ್ಕೂ ಆಗುವ’ ಟ್ಯೂಬನ್ನು ಮುಖಕ್ಕೆ ಹಚ್ಚಬೇಡಿ. ಅವುಗಳಲ್ಲಿ ಬಹಳಷ್ಟರಲ್ಲಿ ಬಲವಾದ ಸ್ಟಿರಾಯ್ಡ್ ಇರುತ್ತದೆ. ಎರಡೇ ದಿನದಲ್ಲಿ ಕಡಿಮೆಯಾದಂತೆ ಕಂಡರೂ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಡಾಕ್ಟರು ನೋಡುವವರೆಗೆ ತಣ್ಣೀರಿನ ಬಟ್ಟೆ ಇಡಿ. ಹೊಲದ ಕೆಲಸವನ್ನು ಹತ್ತರೊಳಗೆ ಅಥವಾ ನಾಲ್ಕರ ನಂತರ ಇಟ್ಟುಕೊಳ್ಳಲಿ. ಒತ್ತು ನೇಯ್ಗೆಯ ತುಂಬುತೋಳಿನ ಅಂಗಿ, ಕಿವಿ-ಕತ್ತು ಮುಚ್ಚುವಂತೆ ರುಮಾಲು ಸಾಕು. ಸನ್‌ಸ್ಕ್ರೀನ್ ಕೊಳ್ಳುವುದಾದರೆ ಜಿಂಕ್ ಆಕ್ಸೈಡ್ ಇರುವುದನ್ನೇ ಕೇಳಿ, ಬೇರೆ ಕೆಲವು ಸನ್‌ಸ್ಕ್ರೀನ್‌ಗಳ ರಾಸಾಯನಿಕಗಳೇ ಬಿಸಿಲಿನ ಅಲರ್ಜಿ ತರುವುದುಂಟು.

ಜ್ವರದ ಜೊತೆ ಬಾಯಿ ಹುಣ್ಣಾಗಿ ಚರ್ಮ ಸುಲಿಯತೊಡಗಿದರೆ ಮಾತ್ರ ಕಾಯಬೇಡಿ, ಅದೇ ಗಂಟೆ ಆಸ್ಪತ್ರೆಗೆ ಹೋಗಿ. ಅದು ಔಷಧದ ಬೇರೆಯೇ, ಜೀವಕ್ಕೆ ಅಪಾಯದ ಪ್ರತಿಕ್ರಿಯೆ.

ಮಾತ್ರೆ ಬದಲಾದ ಮೇಲೆ ಅಪ್ಪನವರ ಉರಿ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ಕಪ್ಪು ಮಾತ್ರ ಕೆಲವು ತಿಂಗಳು ಉಳಿಯುತ್ತದೆ, ಅದಕ್ಕೆ ಬಿಳಿ ಮಾಡುವ ಕ್ರೀಮು ಬೇಕಿಲ್ಲ.