ಸೋಂಕಿನ ಕಾಲದಲ್ಲಿ ಸ್ವಭಾವದ ಪಾಲೆಷ್ಟು?

ಕೋವಿಡ್ ಹಬ್ಬಿದ್ದ ದಿನಗಳಲ್ಲಿ ಒಂದೇ ಮನೆಯಲ್ಲಿದ್ದು, ಒಂದೇ ಟಿ.ವಿ. ಸುದ್ದಿ ನೋಡುತ್ತಿದ್ದ ಇಬ್ಬರ ನಡವಳಿಕೆ ಒಂದೇ ಆಗಿರಲಿಲ್ಲ. ಒಬ್ಬರು ಅಂಗಡಿಯಿಂದ ತಂದ ಹಾಲಿನ ಪೊಟ್ಟಣವನ್ನೂ ತೊಳೆದು ಒಳಗಿಡುತ್ತಿದ್ದರೆ, ಇನ್ನೊಬ್ಬರು ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಬೀದಿಯ ತಿರುವಿನಲ್ಲಿ ಹರಟೆಗೆ ನಿಲ್ಲುತ್ತಿದ್ದರು. ‘ಅವರವರ ಸ್ವಭಾವ’ ಎಂದು ನಾವು ಮುಗಿಸಿಬಿಡುವ ಈ ವ್ಯತ್ಯಾಸವನ್ನು ಮನೋವಿಜ್ಞಾನಿಗಳು ಅಳೆಯಲು ಹೊರಟಾಗ ಬಂದ ಫಲಿತಾಂಶಗಳು ಎಷ್ಟೊಂದು ಮತ್ತು ಎಷ್ಟು ಬಗೆಯವು ಎಂದರೆ, ಆತಂಕದ ಮನಸ್ಸು ಸೋಂಕಿನಿಂದ ಕಾಪಾಡುತ್ತದೆಯೋ ಕಾಡುತ್ತದೆಯೋ ಎಂಬುದೇ ಓದುಗರಿಗೆ ತಿಳಿಯದಂತಾಯಿತು. ಈ ಗೋಜಲನ್ನು ಬಿಡಿಸಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರಿಗೆ ಬಂದಾಗ ಆಡಳಿತದ ಕಣ್ಣಿಗೆ ಕಂಡದ್ದು ವ್ಯಕ್ತಿಗಳಲ್ಲ, ಜಾತಿ ಮತ್ತು ಸಮುದಾಯಗಳು. ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡವರು, ರೋಗಿಯನ್ನು ಮನೆಯೊಳಗೆ ಬಚ್ಚಿಟ್ಟವರು, ಪ್ಲೇಗಮ್ಮನಿಗೆ ಗುಡಿ ಕಟ್ಟಿದವರು, ಹಾಫ್‌ಕಿನ್ ತಯಾರಿಸಿದ ಲಸಿಕೆಗೆ ತೋಳೊಡ್ಡಿದವರು ಅಕ್ಕಪಕ್ಕದಲ್ಲಿಯೇ ಇದ್ದರೂ, ಸರ್ಕಾರಿ ಬರಹಗಳಲ್ಲಿ ಅವರೆಲ್ಲರ ವರ್ತನೆಗೂ ‘ನೇಟಿವ್’ ಜನರ ಅಜ್ಞಾನ, ಮೂಢನಂಬಿಕೆ ಎಂಬ ಒಂದೇ ಕಾರಣ ಸಾಕಾಗುತ್ತಿತ್ತು. ಸ್ವಭಾವವೆಂಬುದು ಆಗ ಇಡೀ ಜನಾಂಗಕ್ಕೆ ಅಂಟಿಸುವ ಚೀಟಿಯಾಗಿತ್ತು.

1918ರ ಇನ್‌ಫ್ಲುಯೆಂಜಾದ ನಂತರ ಈ ನೋಟ ಸ್ವಲ್ಪ ಬದಲಾಯಿತು. ಅಮೆರಿಕದ ನೈರ್ಮಲ್ಯ ತಜ್ಞ ಜಾರ್ಜ್ ಸೋಪರ್ 1919ರಲ್ಲಿ ಬರೆದ ಲೇಖನವೊಂದರಲ್ಲಿ, ಸೋಂಕನ್ನು ತಡೆಯಲು ಅಡ್ಡಿಯಾಗುವ ಮೂರು ಸಂಗತಿಗಳಲ್ಲಿ ಮೊದಲನೆಯದು ಜನರ ಉದಾಸೀನ ಎಂದು ಹೇಳಿ, ತನಗೆ ಬರೀ ನೆಗಡಿಯಾಗಿದೆ ಎಂದುಕೊಂಡಿರುವ ಮನುಷ್ಯ ಪರರನ್ನು ಕಾಪಾಡಲೆಂದು ತನ್ನನ್ನು ತಾನೇ ಕೂಡಿಹಾಕಿಕೊಳ್ಳುವುದು ಮನುಷ್ಯ ಸಹಜವಲ್ಲ ಎಂದು ವಾದಿಸಿದರು. ದೋಷ ಜನಾಂಗದಿಂದ ಮನುಷ್ಯಕುಲದ ಮೇಲೆ ಬಂತು. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾಸ್ಕ್ ವಿರೋಧಿಗಳು ಒಂದು ಸಂಘವನ್ನೇ ಕಟ್ಟಿಕೊಂಡಿದ್ದರು. ಆದರೆ ಕೆಲವರು ಮಾಸ್ಕ್ ಧರಿಸಿ, ಕೆಲವರು ಕಿತ್ತೆಸೆದದ್ದು ಏಕೆ ಎಂದು ವ್ಯಕ್ತಿ ವ್ಯಕ್ತಿಯ ನಡುವೆ ಹೋಲಿಸಿ ನೋಡುವ ಸಾಧನವೇ ಆಗ ಇರಲಿಲ್ಲ.

ಆ ಸಾಧನ ರೂಪುಗೊಳ್ಳಲು ಹಲವು ದಶಕ ಹಿಡಿಯಿತು. 1936ರಲ್ಲಿ ಮನೋವಿಜ್ಞಾನಿಗಳಾದ ಆಲ್‌ಪೋರ್ಟ್ ಮತ್ತು ಓಡ್‌ಬರ್ಟ್ ಮನುಷ್ಯರ ಗುಣ-ನಡತೆಯನ್ನು ಹೇಳುವ ಸುಮಾರು 18,000 ಇಂಗ್ಲಿಷ್ ಪದಗಳನ್ನು ಪಟ್ಟಿ ಮಾಡಿದ ಕೆಲಸ, 1990ರ ವೇಳೆಗೆ ಐದು ಮುಖ್ಯ ಗುಣಗಳಿಗೆ ಬಂದು ನಿಂತಿತು: ಹೊಸತಿಗೆ ತೆರೆದುಕೊಳ್ಳುವಿಕೆ, ಹೊಣೆಗಾರಿಕೆ, ಬಹಿರ್ಮುಖತೆ, ಹೊಂದಿಕೊಳ್ಳುವ ಗುಣ ಮತ್ತು ಬೇಗ ಆತಂಕಕ್ಕೊಳಗಾಗುವ ಪ್ರವೃತ್ತಿ. ಈ ನಡುವೆ 1968ರಲ್ಲಿ ಮನೋವಿಜ್ಞಾನಿ ವಾಲ್ಟರ್ ಮಿಶೆಲ್, ಪ್ರಶ್ನಾವಳಿಗೆ ಕೊಟ್ಟ ಉತ್ತರಗಳಿಂದ ಲೆಕ್ಕ ಹಾಕುವ ಗುಣದ ಅಂಕಗಳಿಂದ ಒಂದು ನಿರ್ದಿಷ್ಟ ಸಂದರ್ಭದ ವರ್ತನೆಯನ್ನು ಊಹಿಸುವುದು ಅಷ್ಟಾಗಿ ಸಾಧ್ಯವಿಲ್ಲ, ಸಂದರ್ಭವೇ ಹಲವು ಸಲ ಮೇಲುಗೈ ಪಡೆಯುತ್ತದೆ ಎಂದು ಎತ್ತಿದ ತಕರಾರು ಮುಂದಿನ ಕಥೆಗೆ ಬಹಳ ಮುಖ್ಯವಾದದ್ದು. 2020ರಲ್ಲಿ ಅದು ಬಹುಮಟ್ಟಿಗೆ ಮರೆತುಹೋಗಿತ್ತು ಎಂದೇ ಹೇಳಬೇಕು.

ಆ ವರ್ಷದ ಮಾರ್ಚ್‌ನಲ್ಲಿ ಜಗತ್ತು ಬಾಗಿಲು ಹಾಕಿಕೊಂಡಾಗ ಪ್ರಶ್ನಾವಳಿಗಳು ಸಿದ್ಧವಾಗಿದ್ದವು, ಇಂಟರ್‌ನೆಟ್ ಇತ್ತು, ಉತ್ತರಿಸುವವರಿಗೆ ಪುರುಸೊತ್ತೂ ಇತ್ತು. ಬ್ರೆಜಿಲ್‌ನಲ್ಲಿ 715 ಜನರನ್ನು ಕೇಳಿ ನಡೆಸಿದ ಅಧ್ಯಯನವೊಂದು, ಬಹಿರ್ಮುಖಿಗಳು ಅಂತರ ಕಾಯ್ದುಕೊಳ್ಳುವುದರಲ್ಲಿ ಹಿಂದೆ ಬಿದ್ದರೆಂದೂ ಹೊಣೆಗಾರಿಕೆಯ ಗುಣ ಹೆಚ್ಚಿದ್ದವರು ಮುಂದಿದ್ದರೆಂದೂ ವರದಿ ಮಾಡಿತು. ಸುಲಭವಾಗಿ ಆತಂಕಕ್ಕೊಳಗಾಗುವವರ ವಿಷಯ ಇಷ್ಟು ಸರಳವಾಗಿರಲಿಲ್ಲ. ಅವರು ಹೆಚ್ಚು ಚಿಂತಿಸಿದರು ಎಂಬುದರಲ್ಲಿ ಒಮ್ಮತವಿತ್ತು, ಆ ಚಿಂತೆ ಮುನ್ನೆಚ್ಚರಿಕೆಯಾಗಿ ಬದಲಾಯಿತೇ ಎಂಬುದರಲ್ಲಿ ಇರಲಿಲ್ಲ. ಸುದ್ದಿಮನೆಗಳು ಮಾತ್ರ ಒಂದೊಂದು ಗುಣಕ್ಕೂ ಒಂದೊಂದು ತಲೆಬರಹ ಕೊಟ್ಟವು.

ಈ ರಾಶಿಯಲ್ಲಿ ನಿಂತು ಓದಬೇಕಾದದ್ದು, ಮಾರ್ಚ್ ಕೊನೆ ಮತ್ತು ಏಪ್ರಿಲ್ ಮೊದಲ ವಾರದ ನಡುವೆ 55 ದೇಶಗಳ 1 ಲಕ್ಷಕ್ಕೂ ಹೆಚ್ಚು ಜನರಿಂದ ಉತ್ತರ ಪಡೆದು, ಫ್ರೆಡ್ರಿಕ್ ಗ್ಯೋಟ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಬಹಿರ್ಮುಖಿಗಳು ಮನೆಯಲ್ಲಿ ಉಳಿದದ್ದು ಕಡಿಮೆ, ಉಳಿದ ನಾಲ್ಕು ಗುಣಗಳು ಹೆಚ್ಚಿದ್ದವರು ಹೆಚ್ಚು ಉಳಿದರು ಎಂಬಷ್ಟು ಅದರಲ್ಲಿಯೂ ಇದೆ. ಹೊಸತನ್ನು ಬಯಸುವ ಮನಸ್ಸು ಅಪಾಯವನ್ನೂ ಲಘುವಾಗಿ ಕಂಡೀತೆಂಬ ಊಹೆಗೆ ವಿರುದ್ಧವಾಗಿ, ಅಂಥವರು ನಿಯಮಗಳು ಸಡಿಲವಾಗಿದ್ದಲ್ಲಿಯೂ ಹೆಚ್ಚಾಗಿ ಮನೆಯಲ್ಲಿ ಉಳಿದಿದ್ದರು. ಆದರೆ ನಿಯಮಗಳು ಬಿಗಿಯಾಗಿದ್ದ ದೇಶಗಳಲ್ಲಿ ಹೊಸತಿಗೆ ತೆರೆದುಕೊಳ್ಳುವಿಕೆ ಮತ್ತು ಆತಂಕ ಎಂಬೆರಡರ ಪ್ರಭಾವವೂ ಕುಗ್ಗಿತ್ತು. ಅಂದರೆ ಮಿಶೆಲರ ಹಳೆಯ ತಕರಾರು ಇಲ್ಲಿ ಅಂಕಿಗಳಲ್ಲಿ ಮೂಡಿತ್ತು: ಆಜ್ಞೆ ಗಟ್ಟಿಯಾದಷ್ಟೂ ಸ್ವಭಾವಕ್ಕೆ ಆಡಲು ಜಾಗ ಕಡಿಮೆ.

ಕರ್ನಾಟಕದಲ್ಲಿ ಇದನ್ನು ಕಂಡವರಿಗೆ ಅಂಕಿಗಳೂ ಬೇಡ. ವಿದೇಶದಿಂದ ಬಂದವರ ಕೈಗೆ ಕ್ವಾರಂಟೈನ್ ಮುದ್ರೆ ಬಿದ್ದಿತ್ತು. ಮಾರ್ಚ್ ಕೊನೆಗೆ ಬಂದ ಆದೇಶದ ಪ್ರಕಾರ ಮನೆಯಲ್ಲಿದ್ದವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿಯನ್ನು ಆ್ಯಪ್ ಮೂಲಕ ಕಳಿಸಬೇಕಿತ್ತು. ಗಂಟೆಗೊಮ್ಮೆ ಮುಖ ತೋರಿಸಬೇಕಾದವನು ಅಂತರ್ಮುಖಿಯಾದರೇನು, ಬಹಿರ್ಮುಖಿಯಾದರೇನು? ಅದೇ ವೇಳೆಗೆ ದಿನಗೂಲಿ ನಿಂತು ಬೆಂಗಳೂರಿನಿಂದ ಊರಿನ ದಾರಿ ಹಿಡಿದ ಕಟ್ಟಡ ಕಾರ್ಮಿಕರನ್ನು ‘ಲಾಕ್‌ಡೌನ್ ಪಾಲಿಸದವರು’ ಎಂಬ ಸಾಲಿಗೆ ಸೇರಿಸಿದರೆ, ಯಾವ ಗುಣದ ಅಂಕ ಅದನ್ನು ವಿವರಿಸೀತು? ಮನೆಯಲ್ಲೇ ಉಳಿಯುವುದಕ್ಕೆ ಮೊದಲು ಮನೆ ಇರಬೇಕು, ಬೇರೆಯಾಗಿ ಮಲಗಲು ಇನ್ನೊಂದು ಕೋಣೆ ಇರಬೇಕು, ತಿಂಗಳ ಸಂಬಳ ಬರುತ್ತಿರಬೇಕು. ಇವೆಲ್ಲ ಇದ್ದವರ ನಡುವಿನ ವ್ಯತ್ಯಾಸವನ್ನು ಹೇಳಲು ಸ್ವಭಾವ ನೆರವಾಗುತ್ತದೆ. ಇಲ್ಲದವರ ವಿಷಯದಲ್ಲಿ ಆ ಪದ 1898ರ ಸರ್ಕಾರಿ ಬರಹಗಳಿಗೆ ಹತ್ತಿರವಾಗಿಬಿಡುತ್ತದೆ.

ಅಳತೆಯಲ್ಲಿಯೇ ಇನ್ನೊಂದು ತೊಡಕಿದೆ. ಈ ಅಧ್ಯಯನಗಳಲ್ಲಿ ಬಹುಪಾಲು, ಜನ ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದನ್ನು ನಂಬಿವೆ. ನಿಯಮ ಮುರಿದೆನೆಂದು ಒಪ್ಪಿಕೊಳ್ಳುವುದೂ ಸ್ವಭಾವಕ್ಕೆ ಸೇರಿದ ಸಂಗತಿಯೇ. ಅದಲ್ಲದೆ, ಕೆಳ ಮತ್ತು ಮಧ್ಯಮ ಆದಾಯದ 23 ದೇಶಗಳ ದತ್ತಾಂಶವನ್ನು ಪರೀಕ್ಷಿಸಿದ 2019ರ ಸಂಶೋಧನೆಯೊಂದು, ಮನೆಮನೆಗೆ ಹೋಗಿ ಮುಖಾಮುಖಿ ಕೇಳಿದಾಗ ಈ ಐದು ಗುಣಗಳ ಪ್ರಶ್ನೆಗಳು ಅಳೆಯಬೇಕಾದದ್ದನ್ನು ಸರಿಯಾಗಿ ಅಳೆಯುವುದಿಲ್ಲ ಎಂದು ತೋರಿಸಿತ್ತು. ಅವೇ ಪ್ರಶ್ನೆಗಳು ಇಂಟರ್‌ನೆಟ್‌ನಲ್ಲಿ ಉತ್ತರಿಸುವವರಲ್ಲಿ ಚೆನ್ನಾಗಿಯೇ ಕೆಲಸ ಮಾಡಿದ್ದವು. ಕೋವಿಡ್ ಕಾಲದಲ್ಲಿ ಉತ್ತರಿಸಿದ್ದು ಹೆಚ್ಚಾಗಿ ಈ ಎರಡನೆಯ ಗುಂಪು.

2022ರ ಹೊತ್ತಿಗೆ ಪ್ರಶ್ನೆಯೇ ತಿರುವುಮುರುವಾಯಿತು. ಸ್ವಭಾವ ವರ್ತನೆಯನ್ನು ರೂಪಿಸುವುದಿರಲಿ, ಮಹಾಮಾರಿ ಸ್ವಭಾವವನ್ನೇ ಬದಲಿಸಿತೇ ಎಂದು ಆ್ಯಂಜಲಿನಾ ಸುಟಿನ್ ಮತ್ತು ಸಂಗಡಿಗರು ಅಮೆರಿಕದ 7,109 ಜನರ ಹಿಂದಿನ ಮತ್ತು ನಂತರದ ಅಂಕಗಳನ್ನು ಹೋಲಿಸಿದರು. 2020ರಲ್ಲಿ ಆತಂಕದ ಪ್ರವೃತ್ತಿ ಹೆಚ್ಚುವ ಬದಲು ತುಸು ಇಳಿದಿತ್ತು. 2021 ಮತ್ತು 2022ರಲ್ಲಿ ಉಳಿದ ನಾಲ್ಕು ಗುಣಗಳು, ಸಾಮಾನ್ಯವಾಗಿ ಹತ್ತು ವರ್ಷಗಳಲ್ಲಿ ಆಗುವಷ್ಟು ಕುಸಿದಿದ್ದವು. ಕಿರಿಯರಲ್ಲಿ ಆತಂಕ ಏರಿ, ಹೊಣೆಗಾರಿಕೆ ಮತ್ತು ಹೊಂದಿಕೊಳ್ಳುವ ಗುಣ ಇಳಿದಿದ್ದವು. ಆನ್‌ಲೈನ್ ತರಗತಿಯಲ್ಲಿಯೇ ಪಿಯುಸಿ ಮುಗಿಸಿದ ನಮ್ಮ ಮಕ್ಕಳಲ್ಲಿಯೂ ಹೀಗಾಗಿದೆಯೇ ಎಂದು ನೋಡಬೇಕಾದರೆ ಮೊದಲು ಅವರ 2020ಕ್ಕೆ ಹಿಂದಿನ ಅಂಕಗಳು ಬೇಕು, ಅದಕ್ಕೂ ಮೊದಲು ಕನ್ನಡದಲ್ಲಿ, ಜಗಲಿಯ ಮೇಲೆ ಕುಳಿತು ಕೇಳಿದರೂ ಸರಿಯಾಗಿ ಅಳೆಯುವ ಪ್ರಶ್ನಾವಳಿ ಬೇಕು.