ಕತ್ತರಿಸುವುದು ಸುಲಭ, ಆರಿಸುವುದು ಕಷ್ಟ: ಭತ್ತದಲ್ಲಿ ಜೀನ್ ತಿದ್ದುವ ಕೆಲಸ

2025ರ ಮೇ 4ರಂದು ದೇಶದ ಮೊದಲ ಎರಡು ಜೀನ್ ತಿದ್ದಿದ ಭತ್ತದ ತಳಿಗಳು ಪ್ರಕಟವಾದವು. ಒಂದು, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು ಎಂಟಿಯು 1010ರಿಂದ ತಯಾರಿಸಿದ ಪೂಸಾ ಡಿಎಸ್‌ಟಿ ರೈಸ್ 1. ಇನ್ನೊಂದು, ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ ಡಿಆರ್‌ಆರ್ ಧಾನ್ 100, ಅಂದರೆ ‘ಕಮಲಾ’. ಇದರ ಮೂಲ ತಳಿ ಸಾಂಬಾ ಮಸೂರಿ, ಬಿಪಿಟಿ 5204. ಗಂಗಾವತಿ, ಸಿಂಧನೂರು ಕಡೆ ಬರೀ ‘ಬಿಪಿಟಿ’ ಎಂದರೆ ಸಾಕು. ಹಾಗಾದರೆ ಇದೂ ಬಿಟಿ ಹತ್ತಿಯಂತೆ ಕುಲಾಂತರಿಯೇ? ಕೊನೆಗೆ ಹೊಲಕ್ಕೆ ಬರುವ ಗಿಡದಲ್ಲಿ ಹೊರಗಿನ ಜೀನ್ ಇರುವಂತಿಲ್ಲ. ಆದರೆ ನಡುದಾರಿಯಲ್ಲಿ ಇರುತ್ತದೆ. ಅದನ್ನು ಪೂರ್ತಿ ಕಳೆದುಕೊಳ್ಳುವುದೇ ಈ ಕೆಲಸದ ಕಠಿಣ ಭಾಗ.

ಕಮಲಾದಲ್ಲಿ ತಿದ್ದಿರುವುದು ಸಿಕೆಎಕ್ಸ್2 ಎಂಬ ಜೀನ್. ತೆನೆ ಮೂಡುವ ಎಳೆ ತುದಿಯಲ್ಲಿ ಸೈಟೊಕೈನಿನ್ ಹಾರ್ಮೋನನ್ನು ಒಡೆದುಹಾಕುವ ಕಿಣ್ವವನ್ನು ಇದು ತಯಾರಿಸುತ್ತದೆ. ಕಿಣ್ವ ಕುಗ್ಗಿದರೆ ಹಾರ್ಮೋನ್ ಉಳಿಯುತ್ತದೆ, ತೆನೆಯಲ್ಲಿ ಕಾಳು ಹೆಚ್ಚುತ್ತದೆ. ಅಂದರೆ ಇಲ್ಲಿ ಹೊಸದೇನನ್ನೂ ಸೇರಿಸುವುದು ಬೇಡ, ಇರುವುದನ್ನು ಕೆಡಿಸಿದರೆ ಸಾಕು.

ಕೆಡಿಸಲು ಡಿಎನ್‌ಎಯನ್ನು ಕತ್ತರಿಸುವ ಕ್ಯಾಸ್9 ಕಿಣ್ವ ಬೇಕು, ಅದಕ್ಕೆ ದಾರಿ ತೋರಲು 20 ಅಕ್ಷರಗಳ ಗೈಡ್ ಆರ್‌ಎನ್‌ಎ ಬೇಕು. ಇಲ್ಲಿ ಅಕ್ಷರ ಎಂದರೆ ಡಿಎನ್‌ಎಯ ಎ, ಟಿ, ಜಿ, ಸಿ ಎಂಬ ಘಟಕಗಳು. ಆ 20 ಅಕ್ಷರ ಮುಗಿದ ಕೂಡಲೇ ಡಿಎನ್‌ಎಯಲ್ಲಿ ಯಾವುದಾದರೊಂದು ಅಕ್ಷರ, ಅದರ ಮುಂದೆ ಎರಡು ‘ಜಿ’ ಇರಲೇಬೇಕು. ಈ ಗುರುತಿಗೆ ಪ್ಯಾಮ್ ಎನ್ನುತ್ತಾರೆ. ಪ್ಯಾಮ್‌ಗಿಂತ ಮೂರು ಅಕ್ಷರ ಹಿಂದೆ ಎರಡೂ ಎಳೆ ತುಂಡಾಗುತ್ತವೆ. ಗೈಡ್‌ನಲ್ಲಿ ಜಿ ಮತ್ತು ಸಿ ಸೇರಿ ಶೇ 40ರಿಂದ 60 ಇದ್ದರೆ ಒಳ್ಳೆಯದು. ಸಾಲಾಗಿ ನಾಲ್ಕು ‘ಟಿ’ ಬಂದರೆ ಆರ್‌ಎನ್‌ಎ ತಯಾರಿ ಅಲ್ಲೇ ನಿಂತುಬಿಡುತ್ತದೆ, ಅಂಥದ್ದನ್ನು ಬಿಟ್ಟುಬಿಡಿ. ಪ್ಯಾಮ್ ಪಕ್ಕದ 10-12 ಅಕ್ಷರ ಬೇರೆ ಜೀನ್‌ನಲ್ಲೂ ಹಾಗೆಯೇ ಇದ್ದರೆ ಕತ್ತರಿ ಅಲ್ಲೂ ಬೀಳಬಹುದು.

ಇಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ಕಂಪ್ಯೂಟರಿನಲ್ಲಿ ಗೈಡ್ ಹುಡುಕುವಾಗ ಸಾಮಾನ್ಯವಾಗಿ ಎದುರಿಗಿರುವುದು ನಿಪ್ಪಾನ್‌ಬಾರೆ ಎಂಬ ಜಪಾನಿ ತಳಿಯ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ. ಅದು ಭತ್ತದ ಜಪೋನಿಕಾ ಗುಂಪಿನದು, ನಮ್ಮ ಬಿಪಿಟಿ ಇಂಡಿಕಾ ಗುಂಪಿನದು. ಆ ಎರಡು ‘ಜಿ’ಗಳಲ್ಲಿ ಒಂದು ಬಿಪಿಟಿಯಲ್ಲಿ ‘ಎ’ ಆಗಿದ್ದರೆ ಕ್ಯಾಸ್9 ಅಲ್ಲಿ ಹೆಚ್ಚೂಕಡಿಮೆ ಕೂರುವುದೇ ಇಲ್ಲ. ಆರು ತಿಂಗಳ ಶ್ರಮ ನೀರುಪಾಲು. ಹಾಗಾಗಿ ಮೊದಲು ನಿಮ್ಮ ಕೈಯಲ್ಲಿರುವ ಬೀಜದ್ದೇ ಸಸಿಯಿಂದ ಆ ಜೀನ್‌ನ ಭಾಗವನ್ನು ಪಿಸಿಆರ್ ಮಾಡಿ (ಅಂದರೆ ಅನೇಕ ನಕಲು ತೆಗೆದು), ಅದರ ಅಕ್ಷರಗಳನ್ನು ಓದಿಸಿ, ಆಮೇಲೆ ಗೈಡ್ ಬರೆಯಬೇಕು. ಇದನ್ನು ಬಿಟ್ಟು ಮುಂದಕ್ಕೆ ಹೋಗಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಂದಿನದು ಅಂಗಾಂಶ ಕೃಷಿ. ಹೊಟ್ಟು ತೆಗೆದು ಶುದ್ಧೀಕರಿಸಿದ ಕಾಳನ್ನು ಲೀಟರಿಗೆ 2 ಮಿ.ಗ್ರಾಂ 2,4-ಡಿ ಹಾರ್ಮೋನ್ ಇರುವ ಮಾಧ್ಯಮದಲ್ಲಿ ಮೂರು-ನಾಲ್ಕು ವಾರ ಕತ್ತಲಲ್ಲಿಟ್ಟರೆ ಕ್ಯಾಲಸ್, ಅಂದರೆ ಬೇರು-ಎಲೆ ಇಲ್ಲದ ಕೋಶಗಳ ಗಡ್ಡೆ, ಬರುತ್ತದೆ. ತಿಳಿ ಹಳದಿ ಬಣ್ಣದ, ಒಣಗಿದಂತೆ ಕಾಣುವ, ರವೆಯಂತೆ ಬಿಡಿಬಿಡಿಯಾದ ಉಂಡೆಗಳನ್ನಷ್ಟೇ ಆರಿಸಿ. ನೀರು ನೀರಾಗಿರುವುದು, ಕಂದು ತಿರುಗಿದ್ದು ಬೇಡ. ಕ್ಯಾಸ್9, ಗೈಡ್, ಹೈಗ್ರೊಮೈಸಿನ್ ತಾಳುವ ಜೀನ್‌ಗಳನ್ನು ಕ್ಯಾಲಸ್‌ಗೆ ಸಾಗಿಸುವ ಅಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಜತೆ, ಅದನ್ನು ಚುರುಕಾಗಿಸುವ 100 ಮೈಕ್ರೊಮೋಲಾರ್ ಅಸಿಟೊಸಿರಿಂಗೋನ್ ಸೇರಿಸಿ ಎರಡು-ಮೂರು ದಿನ ಕತ್ತಲಲ್ಲಿಟ್ಟು, ತೊಳೆದು, ಆ ಜೀನ್ ಸೇರದ ಕೋಶಗಳನ್ನು ಕೊಲ್ಲುವ ಹೈಗ್ರೊಮೈಸಿನ್ ಲೀಟರಿಗೆ 50 ಮಿ.ಗ್ರಾಂ ಇರುವ ಮಾಧ್ಯಮಕ್ಕೆ ಹಾಕುತ್ತಾರೆ. ಇಂಡಿಕಾ ತಳಿಗಳ ಕ್ಯಾಲಸ್ ಬೇಗ ಕಂದಾಗಿ ಸಾಯುತ್ತದೆ. ಎರಡು ವಾರಕ್ಕೊಮ್ಮೆ ಹೊಸ ಮಾಧ್ಯಮಕ್ಕೆ ಬದಲಿಸುವುದು, ಹೊಸ ಬೀಜ ಬಳಸುವುದು ಸ್ವಲ್ಪ ನೆರವಾಗುತ್ತದೆ.

ಉಳಿದ ಕ್ಯಾಲಸ್‌ನಿಂದ ಗಿಡ ಬಂದ ಮೇಲೆ ಎಲೆಯಿಂದ ಡಿಎನ್‌ಎ ತೆಗೆದು, ಗುರಿಯ ಸುತ್ತ ಸುಮಾರು 500 ಅಕ್ಷರ ಓದಿಸಬೇಕು. ಓದಿದ ನಕ್ಷೆಯಲ್ಲಿ ಒಂದೊಂದೇ ಏರು ಶಿಸ್ತಾಗಿ ಸಾಗುತ್ತದೆ. ಕತ್ತರಿ ಬಿದ್ದ ಜಾಗ ದಾಟಿದ ಕೂಡಲೇ ಏರಿನ ಮೇಲೆ ಏರು ಕೂತು ಗೋಜಲಾಗುತ್ತದೆ. ಗಿಡದಲ್ಲಿರುವ ಆ ಜೀನ್‌ನ ಎರಡು ಪ್ರತಿಗಳಲ್ಲಿ ಬೇರೆ ಬೇರೆ ಬದಲಾವಣೆ ಆಗಿದೆ, ಅಥವಾ ಒಂದು ಬದಲಾಗಿ ಇನ್ನೊಂದು ಹಾಗೇ ಉಳಿದಿದೆ ಎಂದು ಅದರರ್ಥ. ಬೇರೆ ಬೇರೆ ತೆಂಡೆಗಳ ಎಲೆ ತೆಗೆದು ನೋಡಿ. ಒಂದು ತೆಂಡೆಯಲ್ಲಿ ಇರುವುದು ಇನ್ನೊಂದರಲ್ಲಿ ಇಲ್ಲದಿರಬಹುದು.

ಎಷ್ಟು ಅಕ್ಷರ ಹೋಗಿದೆ ಎಂಬುದೂ ಮುಖ್ಯ. ಕೋಶ ಮೂರು ಮೂರು ಅಕ್ಷರ ಸೇರಿಸಿ ಓದುತ್ತದೆ. ‘ಕಮಲ ಅರಳಿ ನಗಲು’ ಎಂಬುದರಲ್ಲಿ ‘ಮ’ ಬಿದ್ದರೆ ‘ಕಲಅ ರಳಿನ ಗಲು’ ಆಗುತ್ತದೆ. ಮುಂದಿನದೆಲ್ಲ ಅರ್ಥಹೀನ. ಆದರೆ ‘ಅರಳಿ’ಯ ಮೂರೂ ಅಕ್ಷರ ಬಿದ್ದರೆ ‘ಕಮಲ ನಗಲು’ ಉಳಿಯುತ್ತದೆ. ಕಿಣ್ವ ಆಗಲೂ ಕೆಲಸ ಮಾಡಬಹುದು. ಒಂದು ಅಕ್ಷರ ಸೇರಿದ್ದೋ ಹೋದದ್ದೋ ಸಿಕ್ಕರೆ ಅದನ್ನೇ ಮುಂದಕ್ಕೆ ಒಯ್ಯಿರಿ.

ಈಗ ಆಯ್ಕೆ. ಈ ಮೊದಲ ಗಿಡದಲ್ಲಿ ಕ್ಯಾಸ್9, ಹೈಗ್ರೊಮೈಸಿನ್ ಜೀನ್ ಎರಡೂ ಇನ್ನೂ ಕೂತಿವೆ. ಅವು ಒಂದೇ ಜಾಗದಲ್ಲಿ ಸೇರಿದ್ದರೆ ಸ್ವಂತ ಪರಾಗದಿಂದ ಬಂದ ಮರಿಗಳಲ್ಲಿ ನಾಲ್ಕರಲ್ಲೊಂದಕ್ಕೆ ಅವು ಬರುವುದಿಲ್ಲ. ತಾಯಿಯ ಎರಡೂ ಪ್ರತಿ ಬದಲಾಗಿದ್ದರೆ ಅಂಥ ಒಂದಾದರೂ ಮರಿ ಸಿಗಲು ಶೇ 95 ಖಾತರಿ ಬೇಕೆಂದರೆ 11 ಮರಿ ಸಾಕು. ಒಂದೇ ಪ್ರತಿ ಬದಲಾಗಿದ್ದರೆ ಬೇಕಾದ ಮರಿ ಹದಿನಾರರಲ್ಲೊಂದು, ಆಗ 47 ಮರಿ ಬೇಕು. ಹೊರಗಿನ ತುಂಡು ತಿದ್ದಿದ ಜೀನ್‌ನ ಹತ್ತಿರವೇ ಸೇರಿದ್ದರೆ ಈ ಲೆಕ್ಕ ನಡೆಯದು, ಬೇರೆ ಗಿಡ ಹಿಡಿಯುವುದೇ ವಾಸಿ.

ಕ್ಯಾಸ್9 ಹುಡುಕುವ ಪಿಸಿಆರ್‌ನಲ್ಲಿ ಪಟ್ಟಿ (ಜೀನ್ ಇದೆ ಎಂದು ತೋರುವ ಗೆರೆ) ಬರಲಿಲ್ಲ ಎಂದ ಮಾತ್ರಕ್ಕೆ ಗಿಡ ಶುದ್ಧವಲ್ಲ. ಡಿಎನ್‌ಎ ಕೆಟ್ಟಿದ್ದರೂ ಪಟ್ಟಿ ಬರುವುದಿಲ್ಲ. ಅದೇ ಡಿಎನ್‌ಎಯಲ್ಲಿ ಭತ್ತದ್ದೇ ಒಂದು ಜೀನ್ ಪಟ್ಟಿ ಕೊಡುತ್ತದೆಯೇ ನೋಡಲೇಬೇಕು. ತುಂಡಾದ ಚೂರು ಎಲ್ಲೋ ಸೇರಿಕೊಂಡಿರುವುದೂ ಉಂಟು. ಹೈಗ್ರೊಮೈಸಿನ್ ಜೀನ್, ಗೈಡ್ ಭಾಗ, ವೆಕ್ಟರ್‌ನ (ಈ ಜೀನ್‌ಗಳನ್ನು ಹೊತ್ತು ತಂದ ಡಿಎನ್‌ಎಯ) ಬೆನ್ನೆಲುಬು ಎಲ್ಲಕ್ಕೂ ಬೇರೆ ಬೇರೆ ಪರೀಕ್ಷೆ ಮಾಡಿ, ಕೊನೆಗೆ ಇಡೀ ಜೀನೋಮ್ ಓದಿಸಿದರೆ ಧೈರ್ಯ. ಪರಿಸರ ಸಚಿವಾಲಯ 2022ರ ಮಾರ್ಚ್ 30ರಂದು ಕುಲಾಂತರಿ ನಿಯಮಗಳಿಂದ ಕೊಟ್ಟ ವಿನಾಯಿತಿ ಹೊರಗಿನ ಡಿಎನ್‌ಎ ಇಲ್ಲದ ತಿದ್ದುಪಡಿಗಳಿಗಷ್ಟೇ. ಒಂದು ಚೂರು ಉಳಿದರೂ ಆ ವಿನಾಯಿತಿ ಇಲ್ಲ.

ಕೆಡಿಸುವುದು ಸಾಲದೆ ಒಂದೇ ಅಕ್ಷರ ಬದಲಿಸಬೇಕಾದಾಗ ಬೇಸ್ ಎಡಿಟರ್ ಬಳಸುತ್ತಾರೆ. ಒಂದು ಬಗೆ ‘ಸಿ’ಯನ್ನು ‘ಟಿ’ ಮಾಡುತ್ತದೆ, ಇನ್ನೊಂದು ‘ಎ’ಯನ್ನು ‘ಜಿ’. ಕೆಲಸ ನಡೆಯುವುದು ಗೈಡ್‌ನ ಸುಮಾರು 4ರಿಂದ 8ನೇ ಅಕ್ಷರದ ಕಿಟಕಿಯಲ್ಲಿ. ಅಲ್ಲಿ ಇನ್ನೊಂದು ‘ಸಿ’ ಇದ್ದರೆ ಅದೂ ಬದಲಾಗುತ್ತದೆ, ಅದೇ ತೊಡಕು.

ಹೊಲದ ಪರೀಕ್ಷೆಯಲ್ಲಿ ಬಹಳ ಜನ ಮರೆಯುವ ನಾಟಿ ಸಾಲು ಒಂದಿದೆ. ಅಂಗಾಂಶ ಕೃಷಿಯೇ ಜೀನೋಮಿನಲ್ಲಿ ಅನೇಕ ಬದಲಾವಣೆ ತರುತ್ತದೆ, ಎಷ್ಟೋ ಸಲ ಕ್ಯಾಸ್9 ತಪ್ಪಿ ಕತ್ತರಿಸುವುದಕ್ಕಿಂತ ಹೆಚ್ಚು. ಆದ್ದರಿಂದ ತಿದ್ದಿದ ಗಿಡವನ್ನು ಮೂಲ ಬಿಪಿಟಿಯ ಜತೆ ಮಾತ್ರ ಹೋಲಿಸಿದರೆ ಸಾಲದು. ಅದೇ ತಾಯಿಯಿಂದ ಬಂದು, ತಿದ್ದುಪಡಿ ಇಲ್ಲದೆ ಉಳಿದ ಒಡಹುಟ್ಟು ಗಿಡವನ್ನೂ ಪಕ್ಕದಲ್ಲೇ ನಾಟಿ ಮಾಡಬೇಕು, ಸಾರಜನಕ ಎಲ್ಲಕ್ಕೂ ಒಂದೇ ಪ್ರಮಾಣ. ತೆನೆಯಲ್ಲಿ ಕಾಳು ಹೆಚ್ಚಿದಾಗ ಜೊಳ್ಳೂ ಹೆಚ್ಚಬಹುದು. ತುಂಬಿದ ಕಾಳು, ಜೊಳ್ಳು ಬೇರೆ ಬೇರೆ ಎಣಿಸಿ, ಸಾವಿರ ಕಾಳಿನ ತೂಕ ಹಿಡಿದ ಮೇಲಷ್ಟೇ ಇಳುವರಿಯ ಮಾತು.