ಕೊಬ್ಬಿನ ಕೋಶ: ಉಬ್ಬುವುದು ಬೇರೆ, ಹೆಚ್ಚುವುದು ಬೇರೆ

ಮೈಯಲ್ಲಿ ಕೊಬ್ಬು ಸುಮ್ನೆ ಎಲ್ಲೆಂದರಲ್ಲಿ ಮೆತ್ತಿಕೊಳ್ಳುವುದಿಲ್ಲ. ಅದನ್ನು ಕೂಡಿಡೋಕೆ ಅಂತಲೇ ಕೋಶಗಳಿವೆ, ಅವೇ ಕೊಬ್ಬಿನ ಕೋಶಗಳು. ಡಾಕ್ಟರುಗಳ ಮಾತಿನಲ್ಲಿ ಅಡಿಪೊಸೈಟ್. ಒಂದೊಂದರ ಒಳಗೂ ದೊಡ್ಡದೊಂದು ಎಣ್ಣೆಹನಿ ಇರುತ್ತದೆ, ಕೋಶದ ಉಳಿದ ಭಾಗವೆಲ್ಲ ಅಂಚಿಗೆ ಒತ್ತಿಕೊಂಡಿರುತ್ತದೆ. ಉಂಡದ್ದು ಖರ್ಚಾಗದೆ ಉಳಿದರೆ ಹನಿ ದಪ್ಪಗಾಗುತ್ತದೆ, ಊಟ ಕಡಿಮೆಯಾದರೆ ಸಣ್ಣಗಾಗುತ್ತದೆ.

ಹಾಗಾಗಿ ತೂಕ ಏರೋದಕ್ಕೆ ಎರಡು ದಾರಿ. ಇರುವ ಕೋಶಗಳೇ ಉಬ್ಬಬಹುದು, ಇಲ್ಲವೇ ಹೊಸ ಕೋಶ ಹುಟ್ಟಿ ಲೆಕ್ಕ ಹೆಚ್ಚಬಹುದು. ಯಾವುದು ಎಷ್ಟು ಅನ್ನೋದು ವಯಸ್ಸಿನ ಮೇಲೆ ನಿಂತಿದೆ.

ಮಕ್ಕಳಲ್ಲಿ ಎರಡೂ ನಡೆಯುತ್ತವೆ. ಹರೆಯ ಮುಗಿಯುವ ಹೊತ್ತಿಗೆ ಕೋಶಗಳ ಲೆಕ್ಕ ಹೆಚ್ಚುಕಡಿಮೆ ನಿಂತುಬಿಡುತ್ತದೆ. ಇದನ್ನು ತೋರಿಸಿದ್ದು ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು, 2008ರಲ್ಲಿ. ಅವರ ಉಪಾಯ ನನಗೆ ಬಹಳ ಹಿಡಿಸಿತು. 1950ರ ದಶಕದಿಂದ 1963ರವರೆಗೆ ಬಯಲಲ್ಲಿ ಅಣುಬಾಂಬ್ ಪರೀಕ್ಷೆ ನಡೆದಾಗ ಗಾಳಿಯಲ್ಲಿ ಕಾರ್ಬನ್-14 ಅನ್ನೋ ಒಂದು ಬಗೆಯ ವಿಕಿರಣದ ಇಂಗಾಲ ಏರಿತ್ತು, ಬೆಳೆಯ ಮೂಲಕ ಅದು ಜನರ ಮೈಗೂ ಸೇರಿತು. ಕೋಶ ಹುಟ್ಟುವಾಗ ಅದರ ಡಿಎನ್‌ಎಗೆ ಸೇರಿದ ಇಂಗಾಲ ಹಾಗೇ ಉಳಿಯುತ್ತದೆ, ಹಾಗಾಗಿ ಅದರಲ್ಲಿ ಕಾರ್ಬನ್-14 ಎಷ್ಟಿದೆ ಅಂತ ಅಳೆದು ಆಯಾ ವರ್ಷದ ಗಾಳಿಯ ಲೆಕ್ಕಕ್ಕೆ ಹೋಲಿಸಿದರೆ ಕೋಶ ಹುಟ್ಟಿದ ಕಾಲ ತಿಳಿಯುತ್ತದೆ. ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಶೇ. 10ರಷ್ಟು ಕೋಶಗಳು ಸತ್ತು ಅಷ್ಟೇ ಹೊಸವು ಬರುತ್ತವೆ, ಒಟ್ಟು ಲೆಕ್ಕ ಬದಲಾಗೋದಿಲ್ಲ ಅಂತ ಗೊತ್ತಾಯಿತು. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರಲ್ಲೂ ಎರಡು ವರ್ಷದ ನಂತರ ಕೋಶಗಳು ಸಣ್ಣಗಾಗಿದ್ದವು, ಕಡಿಮೆಯಾಗಿರಲಿಲ್ಲ.

ನಮ್ಮ ಕೊಪ್ಪಳ, ರಾಯಚೂರು ಕಡೆ ಹತ್ತು ವರ್ಷದ ಹುಡುಗ ಗುಂಡಗಿದ್ದರೆ "ಬೆಳದಂಗ ಇಳಿತಾನ ಬಿಡವ್ವಾ" ಅನ್ನುತ್ತಾರೆ. ಎಲ್ಲ ಮಕ್ಕಳೂ ಇಳಿಯೋದಿಲ್ಲ. ಕೂಸು ದುಂಡಗಿರೋದು ಸಹಜ, ಅದಕ್ಕೆ ಹೆದರಬೇಡಿ, ಬೆಳೆಯೋ ಮಕ್ಕಳನ್ನು ಉಪವಾಸ ಕೆಡವಲೂ ಬೇಡಿ. ಆದರೆ ಶಾಲೆ ಬಿಟ್ಟ ಕೂಡಲೇ ಪ್ಯಾಕೆಟ್ ಕುರುಕಲು, ತಂಪು ಪಾನೀಯ, ಆಮೇಲೆ ಮೊಬೈಲ್ ಹಿಡಿದು ಕೂರೋದು ದಿನಾ ನಡೀತಿದ್ದರೆ ಅದನ್ನು ಈಗಲೇ ತಡೆಯಬೇಕು. ಆ ವಯಸ್ಸಲ್ಲಿ ಹೆಚ್ಚಿದ ಕೋಶಗಳ ಲೆಕ್ಕ ಆಮೇಲೆ ಸುಲಭಕ್ಕೆ ಇಳಿಯೋದಿಲ್ಲ, ಸತ್ತವುಗಳ ಜಾಗಕ್ಕೆ ಹೊಸವು ಬರುತ್ತಲೇ ಇರುತ್ತವೆ.

ದೊಡ್ಡವರ ಕಥೆ ಹೆಚ್ಚಾಗಿ ಉಬ್ಬುವ ಕಥೆ. ಇಡೀ ದಿನ ಅಂಗಡಿ ಗಲ್ಲೆಯಲ್ಲಿ ಕೂತು, ಬೆಳಗ್ಗೆ ಒಗ್ಗರಣೆ ಜೊತೆ ಮಿರ್ಚಿ, ಮಧ್ಯಾಹ್ನ ರೊಟ್ಟಿ ಬಿಟ್ಟು ತಟ್ಟೆ ತುಂಬ ಸೋನಾ ಮಸೂರಿ ಅನ್ನ ಉಣ್ಣುವವರ ಹೊಟ್ಟೆಯ ಕೋಶಗಳು ಹಿಗ್ಗುತ್ತಾ ಹೋಗುತ್ತವೆ. ತೊಡೆಯ ಕಡೆ ಮಾತ್ರ ದೊಡ್ಡವರಲ್ಲೂ ಹೊಸ ಕೋಶ ಹುಟ್ಟಬಹುದು. ತೂಕ ತೀರಾ ಏರಿದಾಗಲೂ ಲೆಕ್ಕ ಹೆಚ್ಚುತ್ತದೆ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಕೊಬ್ಬು ಸೊಂಟ-ತೊಡೆ ಬಿಟ್ಟು ಹೊಟ್ಟೆ ಕಡೆ ಸರಿಯುತ್ತದೆ.

ಕೋಶ ಮಿತಿಮೀರಿ ಉಬ್ಬಿದರೆ ಉಳಿದ ಕೊಬ್ಬು ಲಿವರ್‌ಗೆ ಹೋಗಿ ಸೇರುತ್ತದೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡೋದಿಲ್ಲ. ಭಾರತೀಯರಿಗೆ ತೂಕ ಅಷ್ಟೇನೂ ಜಾಸ್ತಿ ಇಲ್ಲದಿದ್ದರೂ ಶುಗರ್ ಬರೋದಕ್ಕೆ ಇದೂ ಒಂದು ಕಾರಣ. ಅದಕ್ಕೇ ತೂಕದ ಜೊತೆ ಸೊಂಟವನ್ನೂ ಅಳೆಯಿರಿ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು.

ಇನ್ನೊಂದು ಮಾತು. ಕಷ್ಟಪಟ್ಟು ತೂಕ ಇಳಿಸಿದವರು ಮತ್ತೆ ದಪ್ಪಗಾದರೆ "ಬಾಯಿಗೆ ಹಿಡಿತ ಇಲ್ಲ" ಅಂತ ಆಡಿಕೊಳ್ಳಬೇಡಿ. ಸಣ್ಣಗಾದ ಕೋಶಗಳು ಲೆಪ್ಟಿನ್ ಅನ್ನೋ ಹಾರ್ಮೋನನ್ನು ಕಡಿಮೆ ಬಿಡುತ್ತವೆ. ಲೆಪ್ಟಿನ್ ಇಳಿದರೆ ಮಿದುಳು ಹಸಿವು ಜಾಸ್ತಿ ಮಾಡುತ್ತದೆ. ಅವರು ಆ ಹಸಿವಿನ ಜೊತೆ ದಿನವೂ ಗುದ್ದಾಡುತ್ತಿರುತ್ತಾರೆ.